ಪಾಚಿಯಿಂದ ಇಂಧನ: ಕೊಳ ತೋಡುವ ಮೊದಲು ಲೆಕ್ಕ ಹಾಕಿ

ಕ್ಲೋರೆಲ್ಲಾ, ಸೀನೆಡೆಸ್ಮಸ್‌ನಂತಹ ಸೂಕ್ಷ್ಮಪಾಚಿಗಳ ಒಣ ತೂಕದಲ್ಲಿ ಸಾಮಾನ್ಯವಾಗಿ ಶೇ 15ರಿಂದ 30ರಷ್ಟು ಕೊಬ್ಬು ಇರುತ್ತದೆ. ಅದನ್ನು ಬಯೊಡೀಸೆಲ್ ಮಾಡಲು ಬರುತ್ತದೆ. ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ಇದರ ಮೇಲೆ ಸಂಶೋಧನೆ ನಡೆಸಿ, ಪಾಚಿ ಬೆಳೆಸಬಹುದು, ಆದರೆ ಇಂಧನ ದುಬಾರಿ ಎಂಬ ತೀರ್ಮಾನಕ್ಕೆ ಬಂದಿತ್ತು. ಆದ್ದರಿಂದ ಮುಧೋಳ, ಜಮಖಂಡಿ, ಅಥಣಿ ಕಡೆ ಈ ಆಸೆ ಇರುವವರು ಗುದ್ದಲಿಗಿಂತ ಮೊದಲು ಪೆನ್ನು ಹಿಡಿಯುವುದು ಒಳ್ಳೆಯದು.

ಮೊದಲ ಹೆಜ್ಜೆ: ಹತ್ತು ಗುಂಟೆಯ ಲೆಕ್ಕ

ಹತ್ತು ಗುಂಟೆ ಎಂದರೆ ಸುಮಾರು 1,000 ಚದರ ಮೀಟರ್. ತೆರೆದ ಕೊಳದಲ್ಲಿ ಚದರ ಮೀಟರಿಗೆ ದಿನಕ್ಕೆ 10 ಗ್ರಾಂ ಒಣ ಪಾಚಿ ಸಿಕ್ಕರೆ ಒಟ್ಟು 10 ಕಿಲೊ. ಅದರಲ್ಲಿ ಐದನೇ ಒಂದು ಭಾಗ ಎಣ್ಣೆ ಎಂದುಕೊಂಡರೆ 2 ಕಿಲೊ. ಅತ್ತ ಬೇಸಿಗೆಯಲ್ಲಿ ದಿನಕ್ಕೆ 8 ಮಿಲಿಮೀಟರ್ ನೀರು ಆವಿಯಾದರೆ ಅದೇ ಕೊಳದಿಂದ 8,000 ಲೀಟರ್ ಗಾಳಿಗೆ ಹೋಯಿತು. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರಿನಲ್ಲಿ ಸಿಹಿನೀರು ಸುರಿದು ಈ ಕೆಲಸಕ್ಕೆ ಇಳಿಯುವುದು ಅನ್ಯಾಯವೇ ಸರಿ.

ಜಾಗ

ಹಾಗಾಗಿ ಕಾಲುವೆ ನೀರು ಹೆಚ್ಚಾಗಿ ಬೆಳೆ ಬಾರದಂತಾದ ಸವಳು ಭೂಮಿ, ಉಪ್ಪುಪ್ಪಾದ ಬಾವಿ ನೀರು ಇರುವ ಕಡೆ ಹುಡುಕಿ. ಉಪ್ಪು ತಾಳುವ ತಳಿಗಳು ಇವೆ. ಇನ್ನೊಂದು ಷರತ್ತು ಇಂಗಾಲದ ಡೈಆಕ್ಸೈಡ್. ಒಂದು ಕಿಲೊ ಪಾಚಿಗೆ ಸುಮಾರು 1.8 ಕಿಲೊ ಬೇಕು, ಅರ್ಧದಷ್ಟು ಸೋರಿಹೋಗುತ್ತದೆ ಎಂದು ಹಿಡಿದರೆ ಅದರ ಇಮ್ಮಡಿ. ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯಲ್ಲಿ ಒಂದು ಲೀಟರ್ ಎಥನಾಲ್ ತಯಾರಾಗುವಾಗ ಮುಕ್ಕಾಲು ಕಿಲೊದಷ್ಟು ಈ ಅನಿಲ ಹೊರಬರುತ್ತದೆ, ಅದೂ ಬಹುತೇಕ ಶುದ್ಧವಾಗಿ. ಕೂಡಗಿಯಂತಹ ಉಷ್ಣ ವಿದ್ಯುತ್ ಸ್ಥಾವರದ ಹೊಗೆಯಲ್ಲೂ ಅನಿಲ ಇದೆ, ಆದರೆ ಅದನ್ನು ತಣಿಸಿ, ಗಂಧಕ ತೆಗೆದು ಕೊಡಬೇಕು. ಡಿಸ್ಟಿಲರಿಯ ಬೇಲಿಗೆ ಹತ್ತಿದ ಹೊಲವೇ ನನ್ನ ಆಯ್ಕೆ. ಸಿಲಿಂಡರ್ ಕೊಂಡು ಅನಿಲ ಊಡಿಸುವುದಾದರೆ ಯೋಜನೆಯನ್ನು ಅಲ್ಲಿಗೇ ಬಿಡಿ.

ಕೊಳ

ಗಾಜಿನ ಕೊಳವೆಗಳ ಮುಚ್ಚಿದ ವ್ಯವಸ್ಥೆ ನೋಡಲು ಚೆಂದ. ಆದರೆ ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಅದರೊಳಗಿನ ನೀರು ಕಾದು ಪಾಚಿ ಸಾಯುತ್ತದೆ. ಒಳಗೆ ಆಮ್ಲಜನಕ ಕೂಡಿಕೊಂಡು ಬೆಳವಣಿಗೆಗೂ ಅಡ್ಡಿ. ಅದನ್ನು ಬೀಜಪಾಚಿಗಷ್ಟೇ, ಅಂದರೆ ಕೊಳಕ್ಕೆ ಬಿಡುವ ಮೊದಲ ಪಾಚಿ ಬೆಳೆಸಲಷ್ಟೇ, ಇಟ್ಟುಕೊಳ್ಳಿ.

ದೊಡ್ಡ ಬೆಳೆಗೆ ರೇಸ್‌ವೇ ಕೊಳ ಸಾಕು: ತುದಿಗಳು ದುಂಡಗಿರುವ ಉದ್ದನೆಯ ಕಾಲುವೆ, ನಡುವೆ ಒಂದು ಗೋಡೆ, ಒಂದು ಪಕ್ಕದಲ್ಲಿ ಹಲಗೆಗಳ ಚಕ್ರ. ಗಾಣದ ಎತ್ತಿನಂತೆ ನೀರು ಸುತ್ತುತ್ತಲೇ ಇರಬೇಕು. ಆಳ 20ರಿಂದ 25 ಸೆಂಟಿಮೀಟರ್ ಮಾತ್ರ, ಏಕೆಂದರೆ ದಟ್ಟ ಪಾಚಿಯಲ್ಲಿ ಬೆಳಕು ಕೆಲವೇ ಸೆಂಟಿಮೀಟರ್ ಇಳಿಯುತ್ತದೆ. ಹರಿವು ಸೆಕೆಂಡಿಗೆ 20ರಿಂದ 30 ಸೆಂಟಿಮೀಟರ್ ಇರಲಿ. ವೇಗ ಇಮ್ಮಡಿಯಾದರೆ ಚಕ್ರಕ್ಕೆ ಬೇಕಾಗುವ ವಿದ್ಯುತ್ ಸುಮಾರು ಎಂಟು ಪಟ್ಟಾಗುತ್ತದೆ ಎಂಬುದನ್ನು ಮೋಟರ್ ಮಾರುವವರು ಹೇಳುವುದಿಲ್ಲ. ತಿರುವುಗಳಲ್ಲಿ ಬಾಗಿದ ತಗಡು ನಿಲ್ಲಿಸದಿದ್ದರೆ ಅಲ್ಲಿ ನೀರು ನಿಂತು ಪಾಚಿ ಕೊಳೆಯುತ್ತದೆ.

ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದನ್ನು ತೆಗೆದು ಗರಸು ತುಂಬಿ, ರೋಲರ್ ಹೊಡೆಸಿ, ಮೇಲೆ ಕೃಷಿ ಹೊಂಡಕ್ಕೆ ಹಾಸುವಂತಹ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಮಟ್ಟ ನೋಡುವಲ್ಲಿ ಜಿಪುಣತನ ಬೇಡ: ನೆಲ 5 ಸೆಂಟಿಮೀಟರ್ ಏರಿದರೂ ಆಳದ ಕಾಲು ಭಾಗ ಹೋದಂತೆ. ಅಡ್ಡಮಳೆಗೆ ಉಕ್ಕದಂತೆ ನೀರಿನ ಮೇಲೆ ಒಂದಡಿ ದಂಡೆ ಬಿಡಿ.

ಅನಿಲವನ್ನು ಇಷ್ಟು ತೆಳು ನೀರಿಗೆ ಬಿಟ್ಟರೆ ಗುಳ್ಳೆ ಕರಗುವ ಮೊದಲೇ ಹಾರಿಹೋಗುತ್ತದೆ. ಹಾದಿಯಲ್ಲಿ ಒಂದು ಕಡೆ ಮೀಟರಿನಷ್ಟು ಆಳದ ಗುಂಡಿ ಮಾಡಿ, ತಳದಿಂದ ಸಣ್ಣ ಗುಳ್ಳೆಗಳಾಗಿ ಬಿಡಬೇಕು. ಅನಿಲ ಕರಗಿದಂತೆ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಇಳಿಯುತ್ತದೆ; ಅದು 8 ದಾಟಿದಾಗ ವಾಲ್ವ್ ತೆರೆದು 7.5ಕ್ಕೆ ಮುಚ್ಚುವಂತೆ ಹೊಂದಿಸಿ, ರಾತ್ರಿ ಪೂರ್ತಿ ಮುಚ್ಚಿ.

ಬೀಜ, ಗೊಬ್ಬರ

ಬೀಜಪಾಚಿಯನ್ನು ಪ್ರತಿ ಹಂತದಲ್ಲೂ ಹತ್ತು ಪಟ್ಟು ನೀರಿಗೆ ಮಾತ್ರ ಹೆಚ್ಚಿಸಿ. ದಿನದ 10 ಕಿಲೊ ಪಾಚಿಗೆ ಒಂದೂವರೆ ಕಿಲೊ ಯೂರಿಯಾ, ಅರ್ಧ ಕಿಲೊ ಡಿಎಪಿ ಸಾಕು. ಸಾರಜನಕ ಕಡಿಮೆ ಮಾಡಿದರೆ ಕೊಬ್ಬು ಏರುತ್ತದೆ, ಬೆಳವಣಿಗೆ ಕುಗ್ಗುತ್ತದೆ; ಒಟ್ಟು ಎಣ್ಣೆ ಹೆಚ್ಚುತ್ತದೆ ಎಂಬ ಭರವಸೆ ಇಲ್ಲ. ಸೂಕ್ಷ್ಮದರ್ಶಕ ಒಂದು ಇರಲಿ, ಪಾಚಿ ಮೇಯುವ ಸೂಕ್ಷ್ಮಜೀವಿಗಳು ಹೊಕ್ಕರೆ ಕೆಲವೇ ದಿನಗಳಲ್ಲಿ ಕೊಳ ಬರಿದಾಗುತ್ತದೆ.

ಕೊಯ್ಲು

ಹೆಚ್ಚಿನವರು ಸೋಲುವುದು ಇಲ್ಲಿಯೇ. ಲೀಟರಿಗೆ ಅರ್ಧ ಗ್ರಾಂ ಪಾಚಿ ಇರುವ ಕೊಳದಿಂದ 10 ಕಿಲೊ ತೆಗೆಯಲು ದಿನವೂ 20,000 ಲೀಟರ್ ನೀರು ಸೋಸಬೇಕು. ಅಷ್ಟನ್ನೂ ಸೆಂಟ್ರಿಫ್ಯೂಜ್‌ಗೆ (ವೇಗವಾಗಿ ತಿರುಗಿಸಿ ಪಾಚಿಯನ್ನು ನೀರಿನಿಂದ ಬೇರ್ಪಡಿಸುವ ಯಂತ್ರ) ಹಾಕಿದರೆ ಎಣ್ಣೆಯ ಲಾಭ ವಿದ್ಯುತ್ ಬಿಲ್ಲಿಗೇ ಹೋಗುತ್ತದೆ. ಮೊದಲು ತೊಟ್ಟಿಯಲ್ಲಿ ತಂಗಿಸಿ. ನಮ್ಮ ಕೊಳವೆಬಾವಿಗಳ ಗಡಸು ನೀರು ಇಲ್ಲಿ ಉಪಕಾರಿ: ಪಿಎಚ್ 10.5 ದಾಟಿಸಿದರೆ ನೀರಿನ ಮೆಗ್ನೀಸಿಯಂ ಗರಣೆಗಟ್ಟಿ ಪಾಚಿಯನ್ನೂ ಜೊತೆಗೆ ತಳಕ್ಕೆ ಎಳೆಯುತ್ತದೆ, ಸುಣ್ಣದ ತಿಳಿಯಿಂದ ಇದನ್ನು ಸಾಧಿಸಬಹುದು. ತಳದ ಗಂಜಿಯನ್ನಷ್ಟೇ ಬಟ್ಟೆಯಲ್ಲಿ ಸೋಸಿ, ಮೇಲಿನ ತಿಳಿನೀರಿನ ಪಿಎಚ್ ಅನ್ನು ಇಂಗಾಲದ ಡೈಆಕ್ಸೈಡಿನಿಂದಲೇ ಇಳಿಸಿ ಕೊಳಕ್ಕೆ ಮರಳಿಸಿ.

ಶೇ 15ರಷ್ಟು ಗಟ್ಟಿಯಾದ ಪಾಚಿಯಲ್ಲಿ 10 ಕಿಲೊ ಒಣ ಸರಕಿಗೆ ಸುಮಾರು 57 ಕಿಲೊ ನೀರು ಇನ್ನೂ ಉಳಿದಿರುತ್ತದೆ. ಅದನ್ನು ಒಣಗಿಸಿ, ಎಣ್ಣೆ ತೆಗೆದು, ಮೆಥನಾಲ್ ಸೇರಿಸಿ ಡೀಸೆಲ್ ಮಾಡುವ ಬದಲು, ಕಾರ್ಖಾನೆಯ ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ) ಜೊತೆ ಹಸಿಯಾಗಿಯೇ ಬಯೊಗ್ಯಾಸ್ ಘಟಕಕ್ಕೆ ಹಾಕುವುದು ಜಾಣತನ.

ನವೆಂಬರಿನಲ್ಲಿ ಆರಂಭಿಸಿ: ಕಬ್ಬು ನುರಿಯುವ ಹಂಗಾಮು, ಹದವಾದ ಬಿಸಿಲು ಎರಡೂ ಒಟ್ಟಿಗೆ ಸಿಗುತ್ತವೆ. ಏಪ್ರಿಲ್ ಹೊತ್ತಿಗೆ ಕೊಳ ಬರಿದು ಮಾಡಿ, ಆವಿಯಾಗಿ ಉಪ್ಪು ಹೆಚ್ಚಾದ ನೀರನ್ನು ಹಾಳೆ ಹಾಸಿದ ಬೇರೆ ಹೊಂಡದಲ್ಲಿ ಒಣಗಿಸಿ. ಪಕ್ಕದವರ ಹೊಲಕ್ಕೆ ಅದರ ಒಂದು ಕೊಡವೂ ಹರಿಯಬಾರದು.