ನಟನೆಯಿಂದ ಸಂಭಾಷಣೆಗೆ: ನನ್ನ ಅನುಭವ

ಧಾರಾವಾಹಿಗಳಲ್ಲಿ ನನಗೆ ಜಾಸ್ತಿ ಸಿಕ್ಕಿದ್ದು ನಾದಿನಿ, ಅತ್ತಿಗೆ, ಚಿಕ್ಕಮ್ಮನ ಪಾತ್ರಗಳು. ಇವರಿಗೆ ಮಾತು ಕಡಿಮೆ, ರಿಯಾಕ್ಷನ್ ಜಾಸ್ತಿ. ಹಾಲ್‌ನಲ್ಲಿ ಅತ್ತೆ ಸೊಸೆ ಜಗಳ ನಡೆಯುತ್ತಿರುತ್ತದೆ, ನಾವು ಮೆಟ್ಟಿಲ ಹತ್ತಿರ ನಿಂತಿರುತ್ತೇವೆ. ನಾನು ಬರವಣಿಗೆ ಕಲಿತದ್ದು ಅಲ್ಲಿ ನಿಂತೇ. ಯಾವ ಸಾಲು ಸಲೀಸಾಗಿ ಬಾಯಿಗೆ ಬರುತ್ತದೆ, ಯಾವುದು ಮತ್ತೆ ಮತ್ತೆ ಟೇಕ್ ಕೇಳುತ್ತದೆ ಅಂತ ಕೇಳಿ ಕೇಳಿಯೇ ಗೊತ್ತಾಯಿತು.

ಸೀನ್ ಪೇಪರ್ ಎಷ್ಟೋ ಸಲ ಮೇಕಪ್ ಹಾಕಿಕೊಳ್ಳುವಾಗಲೇ ಕೈಗೆ ಬರುತ್ತದೆ. ಬಾಯಿಪಾಠ ಮಾಡಲು ಸಮಯ ಎಲ್ಲಿ? ಸಹಾಯಕ ನಿರ್ದೇಶಕರು ಪಕ್ಕದಲ್ಲಿ ನಿಂತು ಪ್ರಾಂಪ್ಟ್ ಮಾಡುತ್ತಾರೆ, ಕಲಾವಿದರು ಅದನ್ನು ಹಿಡಿದು ಹೇಳುತ್ತಾರೆ. ಸಾಲು ಉದ್ದವಾದರೆ ಅರ್ಧದಲ್ಲೇ ಭಾವ ತಪ್ಪಿಹೋಗುತ್ತದೆ.

ಒಮ್ಮೆ ನಿರ್ದೇಶಕರನ್ನು ಕೇಳಿದೆ: ‘ಸರ್, ಈ ಸೀನ್ ನಾನೊಂದು ಸಲ ಬರೆದು ತೋರಿಸಲಾ?’ ಸೊಸೆ ಮನೆ ಬಿಟ್ಟು ಹೊರಟ ಸೀನ್ ಅದು. ಪೇಪರಿನಲ್ಲಿ ಅತ್ತೆಯ ಮಾತು ಹೀಗಿತ್ತು: ‘ನನ್ನ ಮಗನ ಬದುಕು ಹಾಳು ಮಾಡಿದ ನಿನ್ನನ್ನು ನಾನು ಯಾವತ್ತೂ ಕ್ಷಮಿಸುವುದಿಲ್ಲ.’ ನಾನು ಬರೆದದ್ದು: ‘ಬೀಗದ ಕೈ ಮೊಳೆಗೆ ಹಾಕಿ ಹೋಗು.’ ಸೊಸೆ ಸೊಂಟದಿಂದ ಕೀ ಗೊಂಚಲು ತೆಗೆಯಬೇಕು, ಮೊಳೆಯವರೆಗೆ ನಡೆಯಬೇಕು. ನಾದಿನಿ ದಾರಿ ಬಿಡಬೇಕು. ಬಿಡುತ್ತಾಳಾ ಇಲ್ಲವಾ ಅನ್ನುವುದರಲ್ಲೇ ಅವಳ ಪಾತ್ರ ತಿಳಿಯುತ್ತದೆ. ಸುಮ್ನೆ ನಿಂತಿದ್ದವಳಿಗೂ ಕೆಲಸ ಸಿಕ್ಕಿತು. ಇವತ್ತಿಗೂ ಪ್ರತಿ ಸೀನಿನಲ್ಲಿ ಮಾತಿಲ್ಲದವರು ಏನು ಮಾಡುತ್ತಿದ್ದಾರೆ ಅಂತ ಮೊದಲು ಬರೆದುಕೊಳ್ಳುತ್ತೇನೆ.

ಕೆಲಸದ ಕ್ರಮವೂ ಹೇಳಬೇಕು. ಕಥೆಯ ಒನ್‌ಲೈನ್, ಅಂದರೆ ಚಿಕ್ಕ ಸಾರಾಂಶ, ಚಾನೆಲ್‌ನವರು ಒಪ್ಪಬೇಕು, ಚಿತ್ರಕಥೆಯವರು ಸೀನ್ ಬಿಡಿಸಬೇಕು. ಸಂಭಾಷಣೆಯವರು ಕೊನೆಯಲ್ಲಿ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಸುಮಾರು 22 ನಿಮಿಷ. ಗುರುವಾರ ಟಿಆರ್‌ಪಿ (ಎಷ್ಟು ಜನ ನೋಡಿದರು ಅನ್ನುವ ಅಂದಾಜು) ಬಂದ ಮೇಲೆ ಟ್ರ್ಯಾಕ್, ಅಂದರೆ ಕಥೆ ಸಾಗುವ ದಾರಿ, ಬದಲಾದರೆ ಬರೆದಿಟ್ಟದ್ದೆಲ್ಲ ಹೋಯಿತು. ನಟನೆಗೆ ದಿನದ ಲೆಕ್ಕದಲ್ಲಿ ದುಡ್ಡು, ಬರವಣಿಗೆಗೆ ಎಪಿಸೋಡ್ ಲೆಕ್ಕದಲ್ಲಿ. ಹಾಗಾಗಿ ನಟನೆಯನ್ನು ಒಮ್ಮೆಗೇ ಬಿಡಲಿಲ್ಲ. ಯಾರಿಗೂ ಬಿಡಿ ಅಂತ ಹೇಳುವುದೂ ಇಲ್ಲ.

ನನಗೆ ಧೈರ್ಯ ಕೊಟ್ಟವರು ಭಾರ್ಗವಿ ನಾರಾಯಣ್. ರಂಗಭೂಮಿ, ಸಿನಿಮಾ, ಧಾರಾವಾಹಿ ಎಲ್ಲ ಮಾಡಿದವರು, ಕಾರ್ಮಿಕರ ವಿಮಾ ಸಂಸ್ಥೆ ಇಎಸ್‌ಐನಲ್ಲಿ ಕೆಲಸವನ್ನೂ ಮಾಡಿದವರು. ಆಕಾಶವಾಣಿಯ ಮಹಿಳಾ ಕಾರ್ಯಕ್ರಮಕ್ಕೆ ನಾಟಕ ಬರೆದರು. ಎಪ್ಪತ್ತು ದಾಟಿದ ಮೇಲೆ ‘ನಾ, ಭಾರ್ಗವಿ’ ಆತ್ಮಕಥೆ ಬಂತು. 2022ರಲ್ಲಿ ಅವರು ತೀರಿಕೊಂಡರು. ನಟಿಯರಿಗೆ ಓದು ಬರಹ ಯಾಕೆ ಅನ್ನುವವರು ಈಗಲೂ ಇದ್ದಾರೆ, ಅಲ್ವಾ? ಅಂಥವರ ಕೈಗೆ ಆ ಪುಸ್ತಕ ಕೊಡಬೇಕು ಅನಿಸುತ್ತದೆ.

ಈಗ ಕಥೆಗಳನ್ನೂ ಬರೆಯುತ್ತೇನೆ. ಇದು ಹೆಚ್ಚು ಕಷ್ಟ. ಸೀರಿಯಲ್‌ನಲ್ಲಿ ಮಾತಿನ ನಡುವಿನ ಜಾಗವನ್ನು ಕಲಾವಿದರು ತುಂಬುತ್ತಾರೆ, ಕಥೆಯಲ್ಲಿ ಅದನ್ನೂ ನಾನೇ ಬರೆಯಬೇಕು. ಬರೆದದ್ದನ್ನು ಮಾತ್ರ ಇಲ್ಲೂ ಜೋರಾಗಿ ಓದಿ ನೋಡುತ್ತೇನೆ.

ಸೆಟ್‌ನಲ್ಲಿರುವ ಹುಡುಗಿಯರು ಹೇಗೆ ಶುರು ಮಾಡಲಿ ಅಂತ ಕೇಳಿದರೆ ಒಂದೇ ಮಾತು ಹೇಳುತ್ತೇನೆ: ನಿಮ್ಮ ಸಾಲು ಇರುವ ಪೇಪರ್ ಮಾತ್ರ ಇಸ್ಕೊಳ್ಳಬೇಡಿ, ಇಡೀ ಎಪಿಸೋಡ್ ಕೇಳಿ. ಅಸೋಸಿಯೇಟ್ ಡೈರೆಕ್ಟರ್ ಹತ್ತಿರ ಇರುತ್ತದೆ, ಕೊಡುತ್ತಾರೆ.