ಬಿಲ್ಲಿನ ಮೂರನೇ ಪುಟ

ರಾಯಚೂರಿನ ನಮ್ಮ ಮನೆಯಲ್ಲಿ ಇವತ್ತಿಗೂ ಲ್ಯಾಂಡ್‌ಲೈನ್ ಇದೆ. ಅಪ್ಪನಿಗೆ ಈಗ 74 ವರ್ಷ. ರಾಜೇಂದ್ರ ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಯೊಂದರಲ್ಲಿ ನಲವತ್ತು ವರ್ಷ ಗುಮಾಸ್ತರಾಗಿದ್ದವರು. ಹತ್ತಿ ತರುತ್ತಿದ್ದ ಎಷ್ಟೋ ರೈತರಿಗೆ ಆ ನಂಬರ್ ಬಾಯಿಪಾಠ. ಕೆಲವರು ಈಗಲೂ ಅದಕ್ಕೇ ಫೋನ್ ಮಾಡಿ ಕ್ಷೇಮ ಸಮಾಚಾರ ಕೇಳುತ್ತಾರೆ. ಹಾಗಾಗಿ ತಾಮ್ರದ ತಂತಿ ಹೋಗಿ ಫೈಬರ್ ಬಂದಾಗಲೂ ಅಪ್ಪ ನಂಬರ್ ಬಿಡಲಿಲ್ಲ.

ಆದರೆ ಕಾಗದದ ಬಿಲ್ ಬರುವುದು ಆಗಲೇ ನಿಂತಿತು. ಬಿಲ್ ನನ್ನ ಈಮೇಲಿಗೆ ಬರುತ್ತದೆ, ಹಣ ಅಪ್ಪನ ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಟ್ ಆಗುತ್ತದೆ. ನಾನು ಸಿಂಧನೂರಿನ ರೈಸ್ ಮಿಲ್ ಒಂದರಲ್ಲಿ ಲೆಕ್ಕ ನೋಡುತ್ತೇನೆ. ಮಾರ್ಚ್ ಕೊನೆಯಲ್ಲಿ ಮಿಲ್ಲಿನ ಲೆಕ್ಕದ ಜೊತೆಗೆ ಅಪ್ಪನ ಪಾಸ್‌ಬುಕ್ಕನ್ನೂ ಒಮ್ಮೆ ನೋಡುವುದು ನನ್ನ ರೂಢಿ. ಆಗಲೇ ಕಣ್ಣಿಗೆ ಬಿದ್ದಿದ್ದು. ಆಗಸ್ಟ್‌ವರೆಗೆ ತಿಂಗಳಿಗೆ 588 ರೂಪಾಯಿ 82 ಪೈಸೆ. ಸೆಪ್ಟೆಂಬರಿನಿಂದ 705 ರೂಪಾಯಿ 64 ಪೈಸೆ. ಪ್ಲ್ಯಾನ್ ಮಾತ್ರ ಅದೇ 499ರದ್ದು.

ಬಿಲ್ ತೆರೆದು ನೋಡಿದೆ. ಮೊದಲ ಪುಟದಲ್ಲಿ ಒಟ್ಟು ಮೊತ್ತ ದೊಡ್ಡದಾಗಿತ್ತು. ಎರಡನೇ ಪುಟದಲ್ಲಿ ಜಾಹೀರಾತು. ಮೂರನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ‘ಪಾರ್ಟ್‌ನರ್ ಸರ್ವಿಸ್: ಗೇಮ್ಸ್ ಪ್ಯಾಕ್ 99.00’ ಎಂಬ ಬೇರೆ ಕಂಪನಿಯ ಸೇವೆ. ಅದರ ಕೆಳಗೆ ಕೇಂದ್ರದ ಜಿಎಸ್‌ಟಿ 8.91, ರಾಜ್ಯದ ಜಿಎಸ್‌ಟಿ 8.91. ಅಂದರೆ ತಿಂಗಳಿಗೆ 116 ರೂಪಾಯಿ 82 ಪೈಸೆ. ನಮ್ಮ ಮನೆಯಲ್ಲಿ ಗೇಮ್ ಆಡುವವರು ಯಾರೂ ಇಲ್ಲ.

ಅಪ್ಪನಿಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಿಂದಿಯೊಳಗ ಒಂದು ಫೋನ್ ಬಂದಿತ್ತವ್ವಾ. ಒಂದು ಒತ್ತ್ರಿ, ಎರಡು ಒತ್ತ್ರಿ ಅಂತಿತ್ತು. ನಾ ಏನರ ಒತ್ತಿದ್ನೋ ಏನೋ, ನೆನಪಿಲ್ಲ. ಮಂದಿ ಲೆಕ್ಕ ನಲವತ್ತು ವರ್ಷ ಬರದೀನಿ, ನನ್ನ ಮನಿ ಲೆಕ್ಕಾನ ತಪ್ಪಿತಲ್ಲ” ಅಂದರು. ಆ ಮಾತು ಕೇಳಿ ನನಗೆ ದುಡ್ಡಿಗಿಂತ ಜಾಸ್ತಿ ಸಂಕಟವಾಯಿತು. ತಪ್ಪು ಅಪ್ಪನದಲ್ಲ. ಅವರೇ ತಪ್ಪು ಮಾಡಿದ್ದಾರೆ ಅಂತ ಅವರಿಗೆ ಅನ್ನಿಸುವ ಹಾಗೆ ಈ ವ್ಯವಸ್ಥೆ ಇದೆ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ ಮೊದಲ ಸಲ ನಾನು ಎಡವಿದೆ. “ನಾವು ಇದನ್ನು ಕೇಳೇ ಇಲ್ಲ” ಅಂತ ವಾದ ಮಾಡಿದೆ. “ಸಿಸ್ಟಂನಲ್ಲಿ ಆಕ್ಟಿವೇಟ್ ಆಗಿದೆ ಅಂತ ತೋರಿಸ್ತಿದೆ ಮೇಡಂ” ಅಂದ ಆ ಹುಡುಗ. ಇಬ್ಬರೂ ಅದನ್ನೇ ಅದನ್ನೇ ಹೇಳಿದೆವು. ಹದಿನೈದು ನಿಮಿಷ ಹೋಯಿತು. ದೂರಿನ ನಂಬರ್ ಕೂಡ ತೆಗೆದುಕೊಳ್ಳದೆ ಫೋನ್ ಇಟ್ಟೆ.

ಮಾರನೇ ದಿನ ಪ್ರಶ್ನೆ ತಿರುಗಿಸಿದೆ. ಯಾವ ತಾರೀಖು, ಎಷ್ಟು ಗಂಟೆಗೆ ಒಪ್ಪಿಗೆ ಸಿಕ್ಕಿತು? ಫೋನಿನಲ್ಲೋ, ಮೆಸೇಜಿನಲ್ಲೋ, ಆ್ಯಪಿನಲ್ಲೋ? ಅದರ ದಾಖಲೆ ಎಲ್ಲಿ? ಈ ಹಣ ಯಾವ ಕಂಪನಿಗೆ ಹೋಗುತ್ತಿದೆ? ಈ ನಾಲ್ಕಕ್ಕೂ ಅವನ ಹತ್ತಿರ ಉತ್ತರ ಇರಲಿಲ್ಲ. ‘ನಾವು ಒತ್ತಿಲ್ಲ’ ಅಂತ ಸಾಬೀತು ಮಾಡಲು ನಮ್ಮಿಂದ ಆಗುವುದಿಲ್ಲ. ‘ನೀವು ಒಪ್ಪಿದ್ದೀರಿ’ ಅನ್ನುವವರು ಅದನ್ನು ತೋರಿಸಬೇಕು, ಅಲ್ವಾ? ನನಗೆ ದಾರಿ ತೆರೆದದ್ದು ಇದೇ. ಅಪ್ಪನಿಗೆ ನೆನಪಿಲ್ಲದ ಸಂಗತಿಯನ್ನು ‘ಖಂಡಿತ ಆಗಿಲ್ಲ’ ಅಂತ ಸುಳ್ಳು ಬರೆಯುವ ಅಗತ್ಯವೂ ಬೀಳಲಿಲ್ಲ. ‘ತಿಳಿದು ಒಪ್ಪಿಗೆ ಕೊಟ್ಟಿಲ್ಲ, ಕೊಟ್ಟಿದ್ದರೆ ದಾಖಲೆ ಕಳಿಸಿ’ ಎಂದಷ್ಟೇ ಬರೆದೆ.

ಅವತ್ತೇ ಪ್ಯಾಕ್ ಬಂದ್ ಮಾಡಿಸಿದೆ. ಡಾಕೆಟ್ ನಂಬರ್, ಅಂದರೆ ದೂರಿನ ನಂಬರ್, ಬರೆದುಕೊಂಡೆ. ಈ ನಂಬರ್ ಇಲ್ಲದೆ ಮುಂದಿನ ಹೆಜ್ಜೆ ಇಡಲು ಆಗುವುದಿಲ್ಲ, ಅದನ್ನು ಕೊಡದೆ ಫೋನ್ ಇಡಲು ಬಿಡಬೇಡಿ. ಫೋನಿನಲ್ಲಿ ಹೇಳಿದ್ದನ್ನೇ ಈಮೇಲ್ ಮಾಡಿ, ಏಳು ಬಿಲ್ಲುಗಳ ಮೂರನೇ ಪುಟಗಳನ್ನು ಜೊತೆಗೆ ಹಾಕಿದೆ.

ಬಿಲ್ ಕಟ್ಟುವುದನ್ನು ನಿಲ್ಲಿಸಿಬಿಡು ಅಂತ ಆಫೀಸಿನಲ್ಲಿ ಹೇಳಿದರು. ನಾನು ನಿಲ್ಲಿಸಲಿಲ್ಲ. ತಡವಾದ ದಂಡ ಸೇರಿ, ಆಮೇಲೆ ಲೈನ್ ಕಟ್ ಆದರೆ ಅಪ್ಪನ ನಂಬರ್ ಹೋಗುತ್ತದೆ ಅನ್ನುವ ಭಯ ನನಗಿತ್ತು. ಆ ತಿಂಗಳದ್ದೂ ಪೂರ್ತಿ ಕಟ್ಟಿ, ‘ತಕರಾರು ಇಟ್ಟುಕೊಂಡೇ ಕಟ್ಟುತ್ತಿದ್ದೇವೆ’ ಎಂದು ಈಮೇಲಿನಲ್ಲಿ ಒಂದು ಸಾಲು ಸೇರಿಸಿದೆ.

ಐದನೇ ದಿನ ಮೆಸೇಜ್ ಬಂತು. ‘ನಿಮ್ಮ ದೂರು ಪರಿಹಾರವಾಗಿದೆ’. ಒಂದೇ ಒಂದು ತಿಂಗಳ 99 ರೂಪಾಯಿ ವಾಪಸ್ ಕೊಡುತ್ತಾರಂತೆ. ದಾಖಲೆಯ ಮಾತೇ ಇಲ್ಲ.

ಬಹಳ ಜನ ಇಲ್ಲಿಗೇ ಬಿಟ್ಟುಬಿಡುತ್ತಾರೆ. ಮುಂದೆ ಇನ್ನೊಂದು ಮೆಟ್ಟಿಲಿದೆ ಅಂತ ಗೊತ್ತಿರುವುದಿಲ್ಲ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲಿ ಮಾಡಿದ ನಿಯಮದ ಪ್ರಕಾರ ಪ್ರತಿ ಟೆಲಿಕಾಂ ಕಂಪನಿಯಲ್ಲೂ ದೂರು ಕೇಂದ್ರದ ಮೇಲೆ ಒಂದು ಮೇಲ್ಮನವಿ ಪ್ರಾಧಿಕಾರ ಇರಬೇಕು. ಅದಕ್ಕೆ ಫೀಸ್ ಇಲ್ಲ. ಅಪೀಲು ಹಾಕಲು 30 ದಿನ ಅವಕಾಶ. ಅವರು 39 ದಿನದೊಳಗೆ ತೀರ್ಮಾನ ಹೇಳಬೇಕು. ಟ್ರಾಯ್‌ಗೇ ನೇರವಾಗಿ ಬರೆಯಲು ಹೊರಟಿದ್ದೆ. ಅದು ಒಬ್ಬೊಬ್ಬ ಗ್ರಾಹಕರ ದೂರು ತಾನೇ ಬಗೆಹರಿಸುವುದಿಲ್ಲ ಅಂತ ತಿಳಿದ ಮೇಲೆ ಅಪೀಲಿಗೇ ಕುಳಿತೆ.

ಅದಕ್ಕಾಗಿ ಆ ಭಾನುವಾರ ಬಸ್ ಹತ್ತಿ ರಾಯಚೂರಿಗೆ ಹೋದೆ. ಕನೆಕ್ಷನ್ ಅಪ್ಪನ ಹೆಸರಿನಲ್ಲಿದೆ, ಸಹಿ ಅವರದೇ ಬೇಕಿತ್ತು. ನಾನು ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆಗೆಯುವಷ್ಟರಲ್ಲಿ ಅಪ್ಪ ಬಿಲ್ಲಿನ ಹಿಂಭಾಗದಲ್ಲಿ ಪೆನ್ಸಿಲಿನಿಂದ ಗುಣಿಸಿ ಮುಗಿಸಿದ್ದರು. 116.82ನ್ನು ಏಳರಿಂದ. “ಎಂಟುನೂರಾ ಹದಿನೇಳು ರೂಪಾಯಿ ಎಪ್ಪತ್ನಾಕು ಪೈಸೆ. ಪೈಸಾ ಬಿಡಬ್ಯಾಡ, ಅದನ್ನೂ ಬರಿ” ಅಂದರು. ಕೆಳಗೆ ಎರಡು ಗೆರೆ ಎಳೆದರು, ಗಂಜಿನ ಖಾತೆಯಲ್ಲಿ ಎಳೆಯುತ್ತಿದ್ದ ಹಾಗೆಯೇ.

ಪೈಸೆಯ ಮಾತು ಯಾಕೆ ಮುಖ್ಯ ಅಂದರೆ, ಕಂಪನಿಯವರು ಬರೀ 99ರ ಲೆಕ್ಕ ಹಿಡಿದಿದ್ದರು. ಅದರ ಮೇಲೆ ನಾವು ಕಟ್ಟಿದ 18 ಪರ್ಸೆಂಟ್ ಜಿಎಸ್‌ಟಿ ಬಿಟ್ಟಿದ್ದರು. ಬಿಲ್ಲಿನಲ್ಲಿ ಜಾಸ್ತಿ ಹಾಕಿದ್ದನ್ನು ವಾಪಸ್ ಮಾಡುವಾಗ ಜಿಎಸ್‌ಟಿ ಕಾಯ್ದೆಯ 34ನೇ ಕಲಮಿನಂತೆ ಕ್ರೆಡಿಟ್ ನೋಟ್, ಅಂದರೆ ಬಿಲ್ಲಿನ ಮೊತ್ತ ಕಡಿಮೆ ಮಾಡಿದ್ದಕ್ಕೆ ಚೀಟಿ, ಕೊಡಲು ದಾರಿ ಇದೆ. ಮಿಲ್ಲಿನಲ್ಲಿ ನಾನು ದಿನಾ ಮಾಡುವ ಕೆಲಸ ಇದು. ಹಾಗಾಗಿ ಅಪೀಲಿನಲ್ಲಿ ‘693 ರೂಪಾಯಿ ಮತ್ತು ಅದರ ತೆರಿಗೆ 124.74, ಎರಡಕ್ಕೂ ಕ್ರೆಡಿಟ್ ನೋಟ್ ಬೇಕು’ ಎಂದು ಕೇಳಿದೆ. ಆ ನಾಲ್ಕು ಪ್ರಶ್ನೆಗಳನ್ನು ಮತ್ತೆ ಬರೆದೆ. ಬೇರೆ ಕಂಪನಿಗಳ ಯಾವ ಸೇವೆಯನ್ನೂ ಈ ನಂಬರಿಗೆ ಇನ್ನು ಸೇರಿಸಬಾರದು ಎಂದೂ ಬರೆದೆ. ಒಟ್ಟು ಒಂದೇ ಪುಟ. ಸಿಟ್ಟಿನ ಮಾತು ಒಂದೂ ಇಲ್ಲ.

ಅಪೀಲಿನಲ್ಲೂ ಆಗದಿದ್ದರೆ ಅಂತ ಮುಂದಿನದನ್ನೂ ಓದಿಟ್ಟುಕೊಂಡಿದ್ದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಾದ ಮೇಲೆ ಜಿಲ್ಲಾ ಗ್ರಾಹಕರ ಆಯೋಗ. 2009ರ ಸುಪ್ರೀಂ ಕೋರ್ಟ್ ತೀರ್ಪೊಂದರಿಂದಾಗಿ ಟೆಲಿಫೋನ್ ಬಿಲ್ಲಿನ ತಕರಾರಿಗೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುವುದು ಕಷ್ಟವಾಗಿತ್ತು. 2022ರ ಫೆಬ್ರವರಿಯಲ್ಲಿ ಅದೇ ಕೋರ್ಟ್ ಖಾಸಗಿ ಟೆಲಿಕಾಂ ಕಂಪನಿಗಳ ಮೇಲೆ ಅಲ್ಲಿ ದೂರು ಕೊಡಬಹುದು ಎಂದು ಹೇಳಿತು. ನಮ್ಮಂಥ ಸಣ್ಣ ಮೊತ್ತಕ್ಕೆ ಅಲ್ಲಿ ಫೀಸೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು, ಅಷ್ಟೇ.

ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಇಪ್ಪತ್ತಾರನೇ ದಿನ ಉತ್ತರ ಬಂತು. ಒಪ್ಪಿಗೆಯ ದಾಖಲೆ ‘ಲಭ್ಯವಿಲ್ಲ’, ಪೂರ್ತಿ ಮೊತ್ತ ಮುಂದಿನ ಬಿಲ್ಲಿನಲ್ಲಿ ಜಮಾ. ಆ ಹಣ ಯಾವ ಕಂಪನಿಗೆ ಹೋಗಿತ್ತು ಎಂಬುದಕ್ಕೆ ಮಾತ್ರ ಉತ್ತರ ಕೊಡಲೇ ಇಲ್ಲ. ಅದು ನನಗೆ ಈಗಲೂ ಚುಚ್ಚುತ್ತದೆ.

ಈ ಕಾಟ ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದಲ್ಲಿ ಇದಕ್ಕೆ ‘ಕ್ರ್ಯಾಮಿಂಗ್’ ಅಂತ ಹೆಸರೇ ಇದೆ. ಲ್ಯಾಂಡ್‌ಲೈನ್ ಬಿಲ್ಲಿನಲ್ಲಿ ಬೇರೆ ಕಂಪನಿಗಳ ಶುಲ್ಕವನ್ನು ಪ್ರತ್ಯೇಕ ಭಾಗದಲ್ಲಿ ತೋರಿಸಬೇಕು ಎಂದು ಅಲ್ಲಿಯ ಟೆಲಿಕಾಂ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2012ರಲ್ಲಿ ನಿಯಮ ಮಾಡಿತು. ನಮ್ಮಲ್ಲಿ ಮೊಬೈಲಿನ ಇಂಥ ಸೇವೆಗಳಿಗೆ ಟ್ರಾಯ್ 2013ರಲ್ಲೇ ಎರಡು ಸಲ ಒಪ್ಪಿಗೆ ಪಡೆಯಬೇಕು ಎಂದು ಆದೇಶ ಮಾಡಿದೆ. ಬೇಡವಾದದ್ದನ್ನು ನಿಲ್ಲಿಸಲು 155223 ಎಂಬ ಟೋಲ್ ಫ್ರೀ ನಂಬರ್ ಇದೆ. ಅವ್ವನ ಮೊಬೈಲಿನಲ್ಲೂ ಏನಾದರೂ ಸೇರಿಕೊಂಡಿದೆಯಾ ಅಂತ ಅವತ್ತೇ ನೋಡಿದೆ. ಪುಣ್ಯಕ್ಕೆ ಏನೂ ಇರಲಿಲ್ಲ.

ಮುಂದಿನ ಬಿಲ್ ಬಂದಾಗ ಮೂರೂ ಪುಟ ಪ್ರಿಂಟ್ ತೆಗೆಸಿ ತಾ ಅಂದರು ಅಪ್ಪ. ಕಿಟಕಿಯ ಪಕ್ಕ ಕೂತು, ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿದರು. ಜಮಾ 817.74 ಇದ್ದ ಕಡೆ ಪೆನ್ಸಿಲಿನಿಂದ ಟಿಕ್ ಹಾಕಿದರು. ಈಗ ಪ್ರತಿ ತಿಂಗಳು ಬಿಲ್ ಬರುವ ಹೊತ್ತಿಗೆ ಅದೇ ಲ್ಯಾಂಡ್‌ಲೈನಿನಿಂದ ನನಗೆ ಫೋನ್ ಬರುತ್ತದೆ. “ಏನವ್ವಾ, ಮೂರನೇ ಪುಟ ನೋಡಿದ್ಯಾ?”