ಎರಡು ಕಡೆ ಸಂಬಳ, ಒಂದೇ ಪ್ಯಾನ್: ಕೊಡಗಿನ ಅರೆಕಾಲಿಕ ದುಡಿಮೆಗಾರರಿಗೆ ಆದಾಯ ತೆರಿಗೆಯ ಲೆಕ್ಕ

ಬೆಳಗಿನ ಹೊತ್ತು ಸುಂಟಿಕೊಪ್ಪದ ಕಡೆಯ ತೋಟದಲ್ಲಿ ರೈಟರ್ (ಗುಮಾಸ್ತ) ಕೆಲಸ, ಮಧ್ಯಾಹ್ನದ ಮೇಲೆ ರೆಸಾರ್ಟಿನ ಲೆಕ್ಕಪತ್ರ; ಇಲ್ಲವೇ ವಾರದಲ್ಲಿ ಮೂರು ದಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸ, ಉಳಿದ ದಿನ ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ. ಕೊಡಗಿನಲ್ಲಿ ಹೀಗೆ ಎರಡು ಮೂರು ಕಡೆ ದುಡಿದು ಸಂಸಾರ ತೂಗಿಸುವವರು ಅಪರೂಪವಲ್ಲ. ಅವರಲ್ಲಿ ಅನೇಕರ ಬಾಯಲ್ಲಿ ಕೇಳುವ ಮಾತೆಂದರೆ, “ಎರಡು ಕಡೆಯೂ ತೆರಿಗೆ ಹಿಡಿದಿಲ್ಲ, ಹಾಗಾಗಿ ನನಗೆ ತೆರಿಗೆ ಬರುವುದಿಲ್ಲ” ಎಂಬುದು. ಮಾತಿನ ಮೊದಲರ್ಧ ನಿಜವಿರಬಹುದು, ಎರಡನೆಯರ್ಧ ಹಲವು ಸಲ ತಪ್ಪು. ಸಂಬಳ ಕೊಡುವ ಪ್ರತಿಯೊಬ್ಬರೂ ನಿಮಗೆ ತಾವೊಬ್ಬರೇ ಧಣಿಯೆಂದು ತಿಳಿದು ಲೆಕ್ಕ ಹಾಕುತ್ತಾರೆ. ಎಲ್ಲವನ್ನೂ ಕೂಡಿಸುವ ಹೊಣೆ ನಿಮ್ಮದು. ನೀವು ಕೂಡಿಸದಿದ್ದರೆ ನಿಮ್ಮ ಪ್ಯಾನ್ ಹಿಡಿದು ಇಲಾಖೆ ಕೂಡಿಸುತ್ತದೆ.

ಇಲ್ಲಿನ ಅಂಕಿಗಳೆಲ್ಲ 2025-26ನೇ ಆರ್ಥಿಕ ವರ್ಷದ ಆದಾಯಕ್ಕೆ ಸಂಬಂಧಿಸಿದವು. ಆ ವರ್ಷಕ್ಕೆ ಅನ್ವಯಿಸುವುದು 1961ರ ಕಾಯಿದೆ. 2026ರ ಏಪ್ರಿಲ್ 1ರ ನಂತರದ ಆದಾಯಕ್ಕೆ 2025ರ ಹೊಸ ಕಾಯಿದೆ ಅನ್ವಯಿಸುವುದರಿಂದ ಮುಂದೆ ಕಲಂಗಳ ಸಂಖ್ಯೆಗಳು ಬೇರೆಯಾಗಿರುತ್ತವೆ.

ಹಳೆಯದು, ಹೊಸದು ಎಂಬ ಎರಡು ತೆರಿಗೆ ಪದ್ಧತಿಗಳಲ್ಲಿ ಇಲ್ಲಿನ ಲೆಕ್ಕ ಹೊಸದರದು. ಅದರಲ್ಲಿ ಮೊದಲ 4 ಲಕ್ಷ ರೂಪಾಯಿಗೆ ತೆರಿಗೆಯಿಲ್ಲ. ಅಲ್ಲಿಂದ ಪ್ರತಿ 4 ಲಕ್ಷದ ಹಂತಕ್ಕೆ ಕ್ರಮವಾಗಿ ಶೇ. 5, 10, 15, 20 ಮತ್ತು 25ರ ದರವಿದ್ದು, 24 ಲಕ್ಷದಿಂದಾಚೆಗೆ ಶೇ. 30 ಆಗುತ್ತದೆ. ಒಟ್ಟು ಆದಾಯ 12 ಲಕ್ಷ ಮೀರದಿದ್ದರೆ 60,000 ರೂಪಾಯಿಯವರೆಗಿನ ತೆರಿಗೆಗೆ ರಿಯಾಯಿತಿಯಿದೆ. ಸಂಬಳದಾರರಿಗೆ ಇದರ ಜೊತೆಗೆ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಿಂದ ನೇರವಾಗಿ ಕಳೆಯುವ ಮೊತ್ತ) ಸಿಗುವುದರಿಂದ, ಸಂಬಳವೊಂದೇ ಇರುವವರು 12,75,000ದವರೆಗೆ ತೆರಿಗೆ ಕಟ್ಟಬೇಕಾಗಿಲ್ಲ.

ತೊಡಕು ಹುಟ್ಟುವುದು ಇಲ್ಲಿಯೇ. ಮಡಿಕೇರಿಯ ರೆಸಾರ್ಟೊಂದು ಲೆಕ್ಕ ಬರೆಯುವವರಿಗೆ ತಿಂಗಳಿಗೆ 60,000 ರೂಪಾಯಿಯಂತೆ ವರ್ಷಕ್ಕೆ 7,20,000 ಕೊಡುತ್ತದೆ, ಅದೇ ವ್ಯಕ್ತಿಗೆ ಬೆಂಗಳೂರಿನ ಕಂಪನಿ 55,000ದಂತೆ 6,60,000 ಕೊಡುತ್ತದೆ ಎಂದುಕೊಳ್ಳಿ. ಎರಡೂ ಕಡೆಯವರು ತಂತಮ್ಮ ಪಾಲಿನಿಂದ 75,000 ಕಳೆದು, ರಿಯಾಯಿತಿಯನ್ನೂ ಕೊಟ್ಟು, ತೆರಿಗೆ ಶೂನ್ಯವೆಂದು ಫಾರ್ಮ್ 16 (ಸಂಬಳ ಮತ್ತು ಹಿಡಿದ ತೆರಿಗೆಯ ಪ್ರಮಾಣಪತ್ರ) ಕೈಗಿಡುತ್ತಾರೆ. ಆದರೆ ಎಷ್ಟು ಕಡೆ ದುಡಿದರೂ ಸ್ಟ್ಯಾಂಡರ್ಡ್ ಡಿಡಕ್ಷನ್ ಒಬ್ಬರಿಗೆ ವರ್ಷಕ್ಕೆ ಒಂದೇ ಸಲ. ಒಟ್ಟು ಸಂಬಳ 13,80,000ದಿಂದ 75,000 ಕಳೆದರೆ 13,05,000 ಉಳಿಯುತ್ತದೆ. ಅದರ ಮೇಲಿನ ತೆರಿಗೆ 75,750, ಶೇ. 4ರ ಸೆಸ್ ಸೇರಿ 78,780 ರೂಪಾಯಿ. ವರ್ಷವಿಡೀ ಒಂದು ಪೈಸೆಯನ್ನೂ ಕಟ್ಟದೆ ಜುಲೈಯಲ್ಲಿ ರಿಟರ್ನ್ ಸಲ್ಲಿಸಲು ಕುಳಿತರೆ, ಮುಂಗಡ ತೆರಿಗೆ ಕಟ್ಟದ್ದಕ್ಕೆ ತಿಂಗಳಿಗೆ ಶೇ. 1ರ ಲೆಕ್ಕದಲ್ಲಿ ಸುಮಾರು 7,000 ರೂಪಾಯಿ ಬಡ್ಡಿಯೂ ಬಂದು ಸೇರುತ್ತದೆ.

ಇದನ್ನು ತಪ್ಪಿಸಲು ಎರಡು ದಾರಿಗಳಿವೆ. ಒಂದು ಕಡೆಯ ಸಂಬಳದ ವಿವರವನ್ನು ಮತ್ತೊಂದು ಕಡೆಯ ಕಚೇರಿಗೆ ಬರೆದುಕೊಡುವುದು ಮೊದಲನೆಯದು. 1961ರ ಕಾಯಿದೆಯಡಿ ಇದಕ್ಕೆ ಫಾರ್ಮ್ 12ಬಿ ಇತ್ತು. ಹಾಗೆ ಕೊಟ್ಟರೆ ಆ ಕಚೇರಿಯವರು ಎರಡನ್ನೂ ಕೂಡಿಸಿ ತಿಂಗಳು ತಿಂಗಳು ತೆರಿಗೆ ಹಿಡಿಯುತ್ತಾರೆ. ತಾನು ಇನ್ನೊಂದು ಕಡೆ ದುಡಿಯುವ ವಿಷಯ ಇಲ್ಲಿ ತಿಳಿಯುವುದು ಬೇಡವೆನ್ನುವವರಿಗೆ ಎರಡನೆಯ ದಾರಿಯಾದ ಮುಂಗಡ ತೆರಿಗೆಯೇ ಗತಿ. ಹಣ ಕೊಡುವವರೇ ಹಿಡಿದ ತೆರಿಗೆ (ಟಿಡಿಎಸ್) ಕಳೆದು ಉಳಿಯುವ ತೆರಿಗೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜೂನ್ 15ರೊಳಗೆ ಶೇ. 15, ಸೆಪ್ಟೆಂಬರ್ 15ರೊಳಗೆ ಶೇ. 45, ಡಿಸೆಂಬರ್ 15ರೊಳಗೆ ಶೇ. 75, ಮಾರ್ಚ್ 15ರೊಳಗೆ ಪೂರ್ತಿ ಕಟ್ಟಿರಬೇಕು. ಸೆಪ್ಟೆಂಬರಿನ ಕಂತು ಕೈಲ್‌ಪೊಳ್ದ್ ಮುಗಿದ ಹತ್ತು ಹನ್ನೆರಡು ದಿನಕ್ಕೆ ಬರುತ್ತದೆ, ಡಿಸೆಂಬರಿನದು ಪುತ್ತರಿಯ ಖರ್ಚಿನ ಹಿಂದೆಮುಂದೆಯೇ. ಆದ್ದರಿಂದ ಆ ಹಣವನ್ನು ಹಬ್ಬಕ್ಕೆ ಮೊದಲೇ ಬೇರೆ ಖಾತೆಯಲ್ಲಿ ಎತ್ತಿಡುವುದು ಒಳ್ಳೆಯದು. 60 ವರ್ಷ ದಾಟಿದ್ದು, ವ್ಯಾಪಾರ ಅಥವಾ ವೃತ್ತಿಯ ಆದಾಯವಿಲ್ಲದವರಿಗೆ ಮುಂಗಡ ತೆರಿಗೆಯ ಕಟ್ಟಲೆಯಿಲ್ಲ.

ಕೈಗೆ ಬರುವ ಹಣವೆಲ್ಲ ಸಂಬಳವೇ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಅತಿಥಿ ಉಪನ್ಯಾಸಕರಿಗೆ ಕೆಲವು ಕಾಲೇಜುಗಳು ಸಂಬಳದ ಬದಲು ಗೌರವಧನವೆಂದು ಕೊಟ್ಟು, ವರ್ಷದ ಮೊತ್ತ 50,000 ದಾಟಿದಾಗ 194ಜೆ ಕಲಮಿನಡಿ ಶೇ. 10 ಹಿಡಿಯುತ್ತವೆ. ಹಾಗೆ ಹಿಡಿದ ಹಣ, ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯನ್ನು ತೋರಿಸುವ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ವೃತ್ತಿ ಶುಲ್ಕವೆಂದೇ ಕಾಣುತ್ತದೆ. ಅದಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ. ಬದಲಿಗೆ ಆ ಕೆಲಸಕ್ಕಾಗಿ ತಗುಲಿದ ಪೆಟ್ರೋಲ್, ಇಂಟರ್ನೆಟ್, ಪುಸ್ತಕಗಳ ಖರ್ಚನ್ನು ರಸೀದಿ ಇಟ್ಟುಕೊಂಡು ಕಳೆಯಬಹುದು. ವೈದ್ಯರು, ವಕೀಲರು, ಎಂಜಿನಿಯರುಗಳಂಥ ಕೆಲವು ವೃತ್ತಿಯವರು ಬಂದ ಹಣದ ಅರ್ಧವನ್ನೇ ಲಾಭವೆಂದು ತೋರಿಸುವ ಸೌಲಭ್ಯ 44ಎಡಿಎ ಕಲಮಿನಲ್ಲಿದೆ. ಪಾಠ ಹೇಳುವ ಕೆಲಸ ಆ ಪಟ್ಟಿಯಲ್ಲಿಲ್ಲವೆಂಬುದನ್ನು ಅತಿಥಿ ಉಪನ್ಯಾಸಕರು ನೆನಪಿಡಬೇಕು. ಹೋಂಸ್ಟೇ ನಡೆಸುವವರು ಆ ಹಣವನ್ನು ವ್ಯಾಪಾರದ ಆದಾಯವಾಗಿ ತೋರಿಸಿದರೆ, ನಗದಿಗೆ ಶೇ. 8, ಬ್ಯಾಂಕಿನ ಮೂಲಕ ಬಂದದ್ದಕ್ಕೆ ಶೇ. 6ರಷ್ಟನ್ನು ಲಾಭವೆಂದು ಘೋಷಿಸಲು 44ಎಡಿ ಕಲಮಿನಲ್ಲಿ ಅವಕಾಶವಿದೆ.

ಇನ್ನು ತೋಟದ ಮಾತು. ನಮ್ಮ ಜಿಲ್ಲೆಯಲ್ಲಿ ಎರಡು ಕೆಲಸವಿರುವವರಲ್ಲಿ ಅನೇಕರಿಗೆ ಮೂರನೆಯದಾಗಿ ನಾಲ್ಕಾರು ಎಕರೆ ಕಾಫಿಯೂ ಕರಿಮೆಣಸೂ ಇರುತ್ತವೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲವೆಂಬುದು ನಿಜವಾದರೂ, ಬೇರೆ ಆದಾಯ 4 ಲಕ್ಷ ಮೀರಿ, ಕೃಷಿಯ ನಿವ್ವಳ ಆದಾಯ 5,000 ದಾಟಿದರೆ, ದರ ನಿರ್ಧರಿಸಲು ಅದನ್ನು ಲೆಕ್ಕಕ್ಕೆ ಸೇರಿಸಲೇಬೇಕು. ವಿಧಾನ ಹೀಗಿದೆ: ಎರಡನ್ನೂ ಕೂಡಿಸಿ ತೆರಿಗೆ ಹಾಕಿ, ಕೃಷಿ ಆದಾಯಕ್ಕೆ 4 ಲಕ್ಷ ಸೇರಿಸಿದ ಮೊತ್ತದ ತೆರಿಗೆಯನ್ನು ಅದರಿಂದ ಕಳೆಯಬೇಕು. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ ಎರಡು ಕೆಲಸಗಳ ಆದಾಯ 9 ಲಕ್ಷ, ತೋಟದ ನಿವ್ವಳ ಆದಾಯ 8 ಲಕ್ಷ ಎನ್ನೋಣ. 17 ಲಕ್ಷಕ್ಕೆ ತೆರಿಗೆ 1,40,000, 12 ಲಕ್ಷಕ್ಕೆ 60,000, ವ್ಯತ್ಯಾಸ 80,000. ಒಟ್ಟು ಆದಾಯ 9 ಲಕ್ಷವೇ ಆದ್ದರಿಂದ ರಿಯಾಯಿತಿಯೇನೋ ಸಿಗುತ್ತದೆ, ಆದರೆ ಅದರ ಮಿತಿ 60,000. ಉಳಿದ 20,000ಕ್ಕೆ ಸೆಸ್ ಸೇರಿ 20,800 ರೂಪಾಯಿ ಕಟ್ಟಬೇಕು. “12 ಲಕ್ಷದವರೆಗೆ ತೆರಿಗೆಯಿಲ್ಲ” ಎಂಬ ಮಾತನ್ನೇ ನಂಬಿ ಕುಳಿತ ಬೆಳೆಗಾರರು, ಅದರಲ್ಲೂ ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷದಲ್ಲಿ, ಎಡವುವುದು ಇಲ್ಲಿ.

ಕಾಫಿಯನ್ನು ಯಾವ ರೂಪದಲ್ಲಿ ಮಾರಿದಿರಿ ಎಂಬುದೂ ಮುಖ್ಯ. ಕೊಯ್ದ ಹಣ್ಣನ್ನು ಹಾಗೆಯೇ ವ್ಯಾಪಾರಿಗೆ ಕೊಟ್ಟರೆ ಆದಾಯವೆಲ್ಲ ಕೃಷಿಯದು. ಬೆಳೆದವರೇ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು) ಮಾಡಿಸಿ ಮಾರಿದರೆ ನಿಯಮ 7ಬಿ ಪ್ರಕಾರ ಶೇ. 25 ಭಾಗ ವ್ಯಾಪಾರದ ಆದಾಯವಾಗುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ ಆ ಭಾಗ ಶೇ. 40. ಹೋಂಸ್ಟೇಗೆ ಬಂದವರ ಕೈಗೆ ಮನೆಯ ಕಾಫಿಪುಡಿಯ ಪೊಟ್ಟಣ ಕೊಟ್ಟು ಹಣ ಪಡೆಯುವವರು ಈ ಲೆಕ್ಕ ಬಿಡುವಂತಿಲ್ಲ.

ರಿಟರ್ನ್ ಫಾರ್ಮನ್ನು ಆರಿಸುವುದು ಇದರ ಮೇಲೆಯೇ ನಿಂತಿದೆ. ಬರೀ ಸಂಬಳವಿದ್ದು ಕೃಷಿ ಆದಾಯ 5,000 ದಾಟದಿದ್ದರೆ ಐಟಿಆರ್-1 ಸಾಕು. ಕೃಷಿ ಆದಾಯ ಅದಕ್ಕಿಂತ ಹೆಚ್ಚಿದ್ದರೆ ಐಟಿಆರ್-2. ವೃತ್ತಿ ಅಥವಾ ವ್ಯಾಪಾರದ ಆದಾಯವೂ ತೋಟವೂ ಎರಡೂ ಇದ್ದವರಿಗೆ ಸಾಮಾನ್ಯವಾಗಿ ಐಟಿಆರ್-3. ಕೃಷಿ ಆದಾಯ 5 ಲಕ್ಷ ಮೀರಿದ್ದರೆ ಜಮೀನಿನ ಜಿಲ್ಲೆ, ಪಿನ್ ಕೋಡ್, ಎಕರೆ, ಸ್ವಂತದ್ದೋ ಗುತ್ತಿಗೆಯೋ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನು ತುಂಬಬೇಕಾಗುತ್ತದೆ. ಪಹಣಿಯನ್ನು ಪಕ್ಕದಲ್ಲಿಟ್ಟುಕೊಂಡೇ ಕುಳಿತುಕೊಳ್ಳಿ.

ತುಂಬುವ ಮೊದಲು ಇಲಾಖೆಯ ಜಾಲತಾಣದಿಂದ 26ಎಎಸ್ ಮತ್ತು ಎಐಎಸ್ (ವರ್ಷದ ಆದಾಯ, ವಹಿವಾಟುಗಳ ಪಟ್ಟಿ) ಎರಡನ್ನೂ ಇಳಿಸಿಕೊಂಡು, ಪ್ರತಿ ಫಾರ್ಮ್ 16ರೊಂದಿಗೂ ಸಾಲು ಸಾಲಾಗಿ ಹೋಲಿಸಬೇಕು. ನಾನು ಹಿಂದೊಮ್ಮೆ ಅರ್ಧ ದಿನದ ಕೆಲಸ ಮಾಡುತ್ತಿದ್ದ ಕಡೆ ತೆರಿಗೆ ಹಿಡಿದರು, ಸಂಬಳದ ಚೀಟಿಯಲ್ಲಿ ಅದನ್ನು ತೋರಿಸಿದರು, ಆದರೆ ತ್ರೈಮಾಸಿಕ ಪಟ್ಟಿಯಲ್ಲಿ ನನ್ನ ಪ್ಯಾನ್‌ನ ಒಂದು ಅಕ್ಷರವನ್ನು ತಪ್ಪಾಗಿ ಬರೆದಿದ್ದರು. 26ಎಎಸ್‌ನಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆ. ಅವರು ತಿದ್ದುಪಡಿ ಪಟ್ಟಿ ಸಲ್ಲಿಸುವವರೆಗೆ ಆ ಹಣ ನನ್ನ ಲೆಕ್ಕಕ್ಕೆ ಬರಲಿಲ್ಲ, ಅದಕ್ಕಾಗಿ ನಾಲ್ಕು ಸಲ ಕಚೇರಿಯ ಮೆಟ್ಟಿಲು ಹತ್ತಿದೆ. ಕೆಲಸ ಬಿಟ್ಟ ಮೇಲೆ ಈ ಓಡಾಟ ಇನ್ನೂ ಕಷ್ಟ; ಹಾಗಾಗಿ ವರ್ಷದ ನಡುವೆ ಒಂದೆರಡು ಸಲವಾದರೂ 26ಎಎಸ್ ನೋಡುತ್ತಿರಬೇಕು.

ತೆರಿಗೆ ಶೂನ್ಯವಾದರೂ, ಒಟ್ಟು ಆದಾಯ 4 ಲಕ್ಷ ಮೀರಿದ್ದರೆ ರಿಟರ್ನ್ ಸಲ್ಲಿಸುವುದು ಕಡ್ಡಾಯ. ಗೌರವಧನದಲ್ಲಿ ಹಿಡಿದ ಶೇ. 10 ಮರಳಿ ಬರುವುದೂ ಹಾಗೆ ಸಲ್ಲಿಸಿದರೆ ಮಾತ್ರ. ಫಾರ್ಮ್ 16 ಕೈಸೇರುವುದು ಜೂನ್ 15ರ ಹೊತ್ತಿಗೆ, ಸಂಬಳದಾರರ ಗಡುವು ಜುಲೈ 31. ತಡವಾದರೆ 5,000 ರೂಪಾಯಿ, ಆದಾಯ 5 ಲಕ್ಷ ಮೀರದವರಿಗೆ 1,000 ರೂಪಾಯಿ ದಂಡಶುಲ್ಕ. ಈ ಒಂದೂವರೆ ತಿಂಗಳು ಕೊಡಗಿನಲ್ಲಿ ಮಳೆ ಹಿಡಿದು ಕೂರುವ ಕಾಲ. ಮರ ಬಿದ್ದು ಕರೆಂಟು ಹೋದರೆ ಟವರೂ ಹೋಗುತ್ತದೆ, ಒಟಿಪಿ ಬರುವುದಿಲ್ಲ. ಕೊನೆಯ ವಾರಕ್ಕೆ ಉಳಿಸಿಕೊಳ್ಳದೆ, ಎರಡೂ ಕಡೆಯ ಫಾರ್ಮ್ 16 ಸಿಕ್ಕ ಮೊದಲ ಬಿಡುವಿನ ದಿನವೇ ಕೆಲಸ ಮುಗಿಸಿ. ಸಲ್ಲಿಸಿದ ಮೇಲೆ 30 ದಿನದೊಳಗೆ ಆಧಾರ್ ಒಟಿಪಿ ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ಇ-ವೆರಿಫೈ ಮಾಡದಿದ್ದರೆ ಸಲ್ಲಿಸಿದ್ದು ಸಲ್ಲಿಸಿದ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ, ನೆಟ್‌ವರ್ಕ್ ಇರುವಾಗ ಅದನ್ನೂ ಅದೇ ಕೂರಿನಲ್ಲಿ ಮುಗಿಸಿಯೇ ಏಳಬೇಕು.